ಅರಗಿನ ಗೂಟ

ನನ್ನ ಬರೆಯುವ ಮೇಜಿನ ಮೇಲೆ, ಕಾಗದಗಳು ಹಾರದಿರಲೆಂದು ಇಟ್ಟುಕೊಂಡ ಒಂದು ಗೇಣುದ್ದದ ಮರದ ಗೂಟವಿದೆ. ಮೈತುಂಬ ಕೆಂಪು, ಹಳದಿ, ಹಸಿರು ಪಟ್ಟಿಗಳ ಅರಗಿನ ಹೊಳಪು. ಮನೆಗೆ ಬಂದವರು ಮೊದಲು ಅದನ್ನೇ ಕೈಗೆತ್ತಿಕೊಳ್ಳುತ್ತಾರೆ. ಚನ್ನಪಟ್ಟಣದ್ದೇ ಎಂದು ಕೇಳುತ್ತಾರೆ; ಹೌದೆನ್ನುತ್ತೇನೆ. ಯಾವ ಆಟಿಕೆಯ ತುಂಡು ಎಂದು ಕೇಳುತ್ತಾರೆ. ಆಟಿಕೆಯದಲ್ಲ, ರಾಗಿ ಬೀಸುವ ಕಲ್ಲಿನ ಗೂಟ ಎನ್ನುತ್ತೇನೆ. ಆಗ ನಗುತ್ತಾರೆ. ಬೀಸುವ ಕಲ್ಲಿಗೆ ಬಣ್ಣದ ಗೂಟ ಹಾಕಿಸುವ ಮೂರ್ಖರೂ ಇದ್ದಾರೆಯೇ ಎಂಬುದು ಆ ನಗುವಿನ ಅರ್ಥ. ಇದ್ದಾರೆ. ಈ ಸಾಲುಗಳನ್ನು ಬರೆಯುತ್ತಿರುವವಳು ಅಂಥವಳೇ.

ಈ ಮೂರ್ಖತನಕ್ಕೆ ನಾನು ಎಷ್ಟು ಕೃತಜ್ಞಳು ಎಂಬುದನ್ನು ಹೇಳುವ ಮೊದಲು ನನ್ನ ಒಂದು ಹಳೆಯ ಚಟವನ್ನು ಒಪ್ಪಿಕೊಂಡುಬಿಡಬೇಕು. ನಾನು ಅನ್ಯಾಯಗಳ ಪಟ್ಟಿ ಮಾಡುವವಳು. ನಮ್ಮಪ್ಪ ಮಾಗಡಿಯಲ್ಲಿ ಶಾಲಾ ಮೇಷ್ಟರು. ಮನೆಯಲ್ಲಿ ದೇವರ ಪಟಕ್ಕಿಂತ ಪುಸ್ತಕದ ಕಪಾಟು ದೊಡ್ಡದಿತ್ತು. ಪ್ರತಿ ಭಾನುವಾರ ಬೆಳಿಗ್ಗೆ, ಆ ವಾರ ನಾನು ಕಂಡ ಒಂದು ತಪ್ಪನ್ನು ಬರೆದು ತೋರಿಸಬೇಕೆಂಬುದು ಅವರು ಇಟ್ಟ ನಿಯಮ. ಬೇರೆ ಮಕ್ಕಳು ಕಾಗುಣಿತ ಬರೆಯುವಾಗ ನಾನು, ಬಾವಿಯ ಬಳಿ ಯಾರನ್ನು ಯಾರು ದೂರ ನಿಲ್ಲಿಸಿದರು ಎಂಬುದನ್ನು ಬರೆಯುತ್ತಿದ್ದೆ. ಅದು ಬರೆಯಬೇಕಾದದ್ದೇ, ಇಂದಿಗೂ ಹಾಗೆಯೇ ನಂಬಿದ್ದೇನೆ. ಆದರೆ ಚಟ ಎಂಬುದು ಚಟವೇ. ಒಂದು ವಾರ ಏನೂ ತಪ್ಪು ಸಿಗದೆ, ಮಾಗಡಿಗೆ ರೈಲು ಇಲ್ಲದಿರುವುದು ಘೋರ ಅನ್ಯಾಯವೆಂದು ರೈಲ್ವೆ ಮಂತ್ರಿಗಳಿಗೆ ಎರಡು ಪುಟದ ಪತ್ರ ಬರೆದೆ. ಉತ್ತರ ಬರಲಿಲ್ಲ. ಮುಂದಿನ ಭಾನುವಾರ, ಮಂತ್ರಿಗಳು ಉತ್ತರ ಬರೆಯದಿರುವುದೂ ಪಟ್ಟಿಗೆ ಸೇರಿತು.

ರಜೆಯಲ್ಲಿ ಗುಡೇಮಾರನಹಳ್ಳಿಗೆ, ಅಜ್ಜಿಯ ಮನೆಗೆ ಹೋಗುತ್ತಿದ್ದೆ. ಅಲ್ಲಿ ನಡುಮನೆಯ ಮೂಲೆಯಲ್ಲಿ ರಾಗಿಕಲ್ಲು. ಅಜ್ಜಿ ಒಂದು ಕಾಲು ಚಾಚಿ, ಒಂದು ಕಾಲು ಮಡಚಿ ಕೂತು, ಬಾಯಿಗೆ ಪದ, ಕೈಗೆ ಗೂಟ ಹಿಡಿದರೆ, ಹೊರಗೆ ಬೆಳಕು ಹರಿಯುವುದಕ್ಕೂ ಹಿಟ್ಟು ಮುಗಿಯುವುದಕ್ಕೂ ಸರಿಹೋಗುತ್ತಿತ್ತು. ನನ್ನ ಪುಟ್ಟ ಕೈಯನ್ನು ತನ್ನ ಕೈಯ ಮೇಲೆ ಇಡಿಸಿಕೊಳ್ಳುತ್ತಿದ್ದಳು. ತಾತ ಯಾಕೆ ಬೀಸುವುದಿಲ್ಲ ಎಂದು ಕೇಳಿದೆ. ಪಟ್ಟಿಯ ಹುಡುಗಿಯಲ್ಲವೇ. ಅಜ್ಜಿ ಗೂಟ ಬಿಡದೆಯೇ ಹೇಳಿದಳು: “ಅವ್ರು ಕೂತ್ರೆ ಕಲ್ಲು ಹಾಡಾಕಿಲ್ಲ ಕಣ್ ಮಗ.” ಅದು ತಾತನಿಗೆ ಮಾಡಿದ ಗೌರವವೋ ಅವಮಾನವೋ ಎಂದು ನನಗೆ ಬಹಳ ವರ್ಷ ಗೊತ್ತಾಗಲಿಲ್ಲ.

ಕಲ್ಲಿನ ವಿಷಯದಲ್ಲಿ ಅಜ್ಜಿ ಒಂದು ಕಟ್ಟಳೆ ಕಲಿಸಿದ್ದಳು. ಬರಿಗಲ್ಲು ತಿರುಗಿಸಬಾರದು. ಕಾಳಿಲ್ಲದೆ ಕಲ್ಲು ತಿರುಗಿದರೆ ಮನೆ ಬರಿದಾಗುತ್ತದೆ. ಮೂಢನಂಬಿಕೆ ಎಂದು ಪಟ್ಟಿಯಲ್ಲಿ ಬರೆದೆ. ಅಪ್ಪ ಅದರ ಪಕ್ಕದಲ್ಲಿ ಕೆಂಪು ಶಾಯಿಯಿಂದ, ಬರಿಗಲ್ಲು ತಿರುಗಿದರೆ ಕಲ್ಲೇ ಸವೆದು ಹಿಟ್ಟಿಗೆ ಮರಳು ಸೇರುತ್ತದೆ, ವಿಚಾರಿಸಿ ಬರೆ ಎಂದು ಬರೆದುಕೊಟ್ಟರು. ಅದು ನನ್ನ ಪಟ್ಟಿಯಿಂದ ಹೊಡೆದುಹಾಕಿದ ಮೊದಲ ತಪ್ಪು.

ಎರಡು ಸಾವಿರದ ಇಸವಿ ಕಳೆದ ಮೇಲಿನ ಮಾತು. ಬಿಡದಿಯ ಸುತ್ತ ಕಾರ್ಖಾನೆಗಳ ತಗಡಿನ ಮಾಡುಗಳು ಏಳುತ್ತಿದ್ದವು. ಹೊಲಗಳ ನಡುವೆ ಸರ್ವೆ ಕಲ್ಲುಗಳು ರಾಗಿ ಪೈರಿಗಿಂತ ಮೊದಲೇ ತಲೆಯೆತ್ತುತ್ತಿದ್ದವು. ಬೈರಮಂಗಲದ ಕೆರೆಗೆ ಬೆಂಗಳೂರಿನ ಕೊಳೆ ಹರಿದು ಬಂದು, ಕೋಡಿಯ ಬಳಿ ಬಿಳಿ ನೊರೆ ಆಳೆತ್ತರಕ್ಕೆ ನಿಲ್ಲುತ್ತಿತ್ತು. ಆ ನೀರು ಕುಡಿದ ಹಿಪ್ಪುನೇರಳೆ ಸೊಪ್ಪನ್ನು ರೇಷ್ಮೆಹುಳು ತಿನ್ನುತ್ತಿತ್ತು. ಆ ಹುಳುವಿನ ಗೂಡು ರಾಮನಗರದ ಮಾರುಕಟ್ಟೆಗೆ ಬರುತ್ತಿತ್ತು. ಆ ಗೂಡನ್ನು ಕುದಿನೀರಿನಲ್ಲಿ ಹಾಕಿ ನೂಲು ಬಿಚ್ಚುವ ಹೆಂಗಸರು ಹಬೆ ಕುಡಿದು ಕುಡಿದು ಉಬ್ಬಸಕ್ಕೆ ಬೀಳುತ್ತಿದ್ದರು. ಇವೆಲ್ಲವೂ ನನ್ನ ಪಟ್ಟಿಯಲ್ಲಿದ್ದವು. ಕರಪತ್ರ ಮಾಡಿದೆವು, ಸಭೆ ಮಾಡಿದೆವು. ಜನ ಕರಪತ್ರದಲ್ಲಿ ಕಡಲೆಕಾಯಿ ಕಟ್ಟಿಕೊಂಡು ಹೋದರು. ಆಗ ನನಗೆ ಹೊಳೆಯಿತು: ಸಂಕಟದ ಹಾಡುಗಳ ಒಂದು ಕ್ಯಾಸೆಟ್ ತರಬೇಕು. ಯಾರ ಎದೆಯಲ್ಲಿ ನೋವಿದೆಯೋ ಅವರ ಬಾಯಲ್ಲೇ.

ಬೈರಮಂಗಲದಲ್ಲಿ ಚಿಕ್ಕತಾಯಮ್ಮ ಸಿಕ್ಕಿದರು. ಅರವತ್ತು ದಾಟಿದ ಜೀವ. ಹಿಪ್ಪುನೇರಳೆ ತೋಟ, ಹುಳುಮನೆ, ನಾಲ್ಕು ಊರಿಗೆ ಕೇಳುವ ಕಂಠ. ಕೆರೆಗಾಗಿ ಒಂದು ಅಳುವ ಪದ ಹಾಡಿಕೊಡಿ, ಸತ್ತವರ ಮುಂದೆ ಹಾಡುತ್ತೀರಲ್ಲ ಹಾಗೆ, ಎಂದು ಕೇಳಿದೆ. ಅವರ ಮುಖ ಗಂಟಾಯಿತು.

“ಕೆರೆ ಸತ್ತೈತೆ ಅಂತ ಯಾರ್ ಹೇಳುದ್ರು ನಿಂಗೆ? ಕಾಯ್ಲೆ ಬಿದ್ದೈತೆ. ಬದ್ಕಿರೋರ್ ಮುಂದೆ ಕೂತ್ಕೊಂಡು ಹಾಡ್ಕೊಂಡು ಅಳ್ತಾರೇನವ್ವ?”

ನಾನು ತಪ್ಪಾಯಿತೆಂದೆ. ಆಮೇಲೆ, ಸುಮ್ಮನಿರಲಾರದೆ, ನಾನೇ ರಾತ್ರಿಯೆಲ್ಲ ಕೂತು ರಚಿಸಿದ್ದ ತ್ರಿಪದಿಯನ್ನು ಓದಿದೆ. ಅದರಲ್ಲಿ ‘ಕೈಗಾರಿಕಾ ತ್ಯಾಜ್ಯ’ ಎಂಬ ಮಾತು ಎರಡು ಸಲ ಬರುತ್ತಿತ್ತು. ಚಿಕ್ಕತಾಯಮ್ಮ ಗೌರವದಿಂದ ಕೇಳಿದರು. ಕಲ್ಲಿನ ಮುಂದೆ ಕೂತು ಹೇಳಿ ನೋಡಿದರು. ಮೂರು ಸಲ ಮುಗ್ಗರಿಸಿ, “ಈ ಪದ ಉದ್ದಾಯ್ತು ಕಣ್ ಮಗ. ಕಲ್ಲು ಒಂದ್ ಸುತ್ತು ಬಂದ್ಬುಟ್ರೂ ಇದು ಇನ್ನೂ ‘ರಿಕಾ’ದಾಗೇ ನಿಂತಿರ್ತದೆ,” ಎಂದರು. ಮತ್ತೆ ಒಂದು ಹಿಡಿ ರಾಗಿ ಹಾಕಿ ಬೀಸುತ್ತ, ತಮ್ಮಷ್ಟಕ್ಕೆ ತಾವೇ ಎತ್ತಿದರು:

ಕೆರೆಗ್ವಾದ ಕೊಕ್ಕರೆ ಕಾಲ್ ತೊಳೀದೆ ಬಂದಾದೆ
ನೊರೆ ಮ್ಯಾಲೆ ನಿಂತು ನೆರಳಿಲ್ಲ, ನನ ತಂಗಿ
ಮೊಕ ನೋಡೋ ನೀರು ಎಲ್ಲೋಯ್ತು

ನನ್ನ ಕಾಗದವನ್ನು ಮಡಚಿ ಚೀಲಕ್ಕೆ ಹಾಕಿಕೊಂಡೆ. ಕರಪತ್ರಗಳಲ್ಲಿ ನಾನು ಬರೆದದ್ದೆಲ್ಲವೂ ನಿಜ. ಆದರೆ ಕೊಕ್ಕರೆಯ ಕಾಲು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಎರಡನೆಯ ಹಾಡುಗಾರ್ತಿ ಜುಬೇದಾ ಅವರನ್ನು ಕಂಡದ್ದು ರಾಮನಗರದ ಒಂದು ನೂಲು ಬಿಚ್ಚುವ ಕೊಠಡಿಯಲ್ಲಿ. ಹಬೆಯ ಒಳಗಿನಿಂದ ದನಿ ಬರುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ದಖನಿ ಉರ್ದುವಿನ ಚಕ್ಕಿಯ ಹಾಡು. ಬೀಸುವ ಕಲ್ಲಿನ ಹಾಡೇ. ಅವರ ಮನೆಯಲ್ಲಿ ಕಲ್ಲು ಹೋಗಿ ಎಷ್ಟೋ ಕಾಲವಾಗಿತ್ತು, ಹಾಡು ಮಾತ್ರ ರೇಷ್ಮೆ ನೂಲು ಸುತ್ತುವ ಚರಕದ ಪಕ್ಕಕ್ಕೆ ಬಂದು ಕೂತಿತ್ತು. ನಾನು ಕೇಳುತ್ತಿರುವಾಗಲೇ ಅದು ನಡುವೆ ತುಂಡಾಗಿ, ಕೆಮ್ಮಾಯಿತು. ಹೊರಗೆ ಬಂದು ಕೂತು ಉಸಿರು ಹಿಡಿದುಕೊಂಡ ಮೇಲೆ ಹೇಳಿದರು:

“ನಮ್ ನಾನಿ ಹಾಡಿದ್ದು ಮೇಡಂ. ಪೂರ್ತಿ ಹಾಡಿ ಮೂರು ವರ್ಷ ಆಯ್ತು. ಅರ್ಧಕ್ಕೆ ಬರೋ ಹೊತ್ಗೆ ದಮ್ಮು ನಿಂತೋಗ್ತದೆ. ಅರ್ಧಕ್ಕೆ ಬಿಟ್ಟಿದ್ದು ಮಕ್ಳಿಗೆ ಹೋಗಲ್ಲ, ಗಾಳಿಗೆ ಹೋಗ್ತದೆ ಅಂತಿದ್ರು ನಾನಿ. ಒಂದ್ಸಲ ಪೂರ್ತಿ ಆದ್ರೆ ಸಾಕು. ಇವ್ಳಿಗೆ ಕೊಟ್ಟಂಗಾಗ್ತದೆ.”

ಇವಳೆಂದರೆ ಪಕ್ಕದಲ್ಲಿ ಗೂಡು ಆರಿಸುತ್ತಿದ್ದ ಮಗಳು ನಸೀಮಾ. ಮದುವೆಗೆ ಬಂದ ಹುಡುಗಿ. ಅವಳು ತಲೆಯೆತ್ತದೆ, ಟೀವಿಯಲ್ಲಿ ಇದಕ್ಕಿಂತ ಚೆನ್ನಾಗಿರೋದು ಬರ್ತದೆ ಅಮ್ಮಿ ಎಂದಳು. ಜುಬೇದಾ ನಕ್ಕರು, ಆ ನಗುವೂ ಕೆಮ್ಮಿನಲ್ಲೇ ಮುಗಿಯಿತು. ಅವರ ದುಡಿಮೆಯ ಕೋಣೆಗೆ ಒಂದು ಕಿಟಕಿ ಇಡದವರ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಆರಿಲ್ಲ, ಆರಬಾರದು ಕೂಡ.

ಇಬ್ಬರನ್ನೂ ಸೇರಿಸಿದ್ದು ರಾಜಣ್ಣನ ಧ್ವನಿಮುದ್ರಣದ ಕೋಣೆಯಲ್ಲಿ. ರಾಮನಗರದ ಒಂದು ಸೈಕಲ್ ಅಂಗಡಿಯ ಮಹಡಿ. ಗೋಡೆಗೆಲ್ಲ ಮೊಟ್ಟೆ ಇಡುವ ರಟ್ಟಿನ ತಟ್ಟೆ ಬಡಿದು ಗದ್ದಲ ತಡೆದಿದ್ದ. ಮದುವೆ ಕ್ಯಾಸೆಟ್ಟು, ಚುನಾವಣೆಯ ಆಟೋ ಪ್ರಚಾರ, ಕಳೆದುಹೋದವರ ಪ್ರಕಟಣೆ, ಎಲ್ಲವೂ ಅಲ್ಲೇ. ಚಿಕ್ಕತಾಯಮ್ಮ, ಕಲ್ಲಿಲ್ಲದೆ ಪದ ಬರಾಕಿಲ್ಲ ಎಂದು ಖಂಡಿತವಾಗಿ ಹೇಳಿದ್ದರಿಂದ, ರಾಗಿಕಲ್ಲನ್ನೇ ಬಸ್ಸಿಗೆ ಹಾಕಿಕೊಂಡು ಬಂದಿದ್ದೆವು. ಇಳಿಸುವಾಗ ಹಳೆಯ ಗೂಟ ಮುರಿಯಿತು.

ಯಾವ ಬಡಗಿಯಾದರೂ ಕಾಲು ಗಂಟೆಯಲ್ಲಿ ಒಂದು ಜಾಲಿ ಗೂಟ ಕೆತ್ತಿಕೊಡುತ್ತಿದ್ದ. ಆದರೆ ನನ್ನೊಳಗಿನ ಭಾಷಣಗಾರ್ತಿ ಎಚ್ಚೆತ್ತಳು. ಕಲ್ಲು ಬೈರಮಂಗಲದ್ದು, ಸವೆದಾಗ ಅದಕ್ಕೆ ಉಳಿಯಿಂದ ಕಚ್ಚು ಹಾಕಿಕೊಟ್ಟವಳು ಕನಕಪುರದ ಕಡೆಯವಳು, ರಾಗಿ ನಮ್ಮ ಮಾಗಡಿಯದು, ಇನ್ನೊಬ್ಬ ಹಾಡುಗಾರ್ತಿ ರಾಮನಗರದವರು. ಗೂಟ ಚನ್ನಪಟ್ಟಣದ್ದಾದರೆ ಎಂಥ ಐಕ್ಯ! ಕ್ಯಾಸೆಟ್ಟಿನ ಮುಖಪುಟಕ್ಕೂ ಒದಗುತ್ತದೆ. ಬಸ್ಸು ಹತ್ತಿ ಹೋಗಿ, ಹಾಲೆಮರದಲ್ಲಿ ಕಡೆಸಿ, ಅರಗು ಹಾಕಿಸಿದೆ. ಕಡೆಯುವ ಸಾಬರು ಸೌಜನ್ಯದಿಂದ ಎಚ್ಚರಿಸಿದರು: ಕಲ್ಲಿನ ತೂತಿನೊಳಗೆ ಹೋಗುವ ಭಾಗಕ್ಕೆ ಅರಗು ಬೇಡ, ಜಾರಿ ತಿರುಗುತ್ತದೆ, ಕಿರುಚುತ್ತದೆ. ಬಣ್ಣ ನಡುವೆ ನಿಂತರೆ ಚೆನ್ನಾಗಿರುವುದಿಲ್ಲ, ತುದಿಯವರೆಗೂ ಬಳಿಯಿರಿ ಎಂದೆ. ದುಡಿಯುವವರ ಅರಿವಿಗೆ ಬೆಲೆ ಕೊಡದ ಸಮಾಜವನ್ನು ನಾನು ಅದೆಷ್ಟು ಸಭೆಗಳಲ್ಲಿ ಖಂಡಿಸಿದ್ದೆನೋ, ಲೆಕ್ಕವಿಲ್ಲ.

ಇಬ್ಬರು ಹಾಡುಗಾರ್ತಿಯರ ಮೊದಲ ಮಾತು ಜಗಳವೇ ಆಯಿತು. ಬೈರಮಂಗಲದ ಗೂಡು ಎಂದ ಕೂಡಲೇ ಜುಬೇದಾ, “ಅಯ್ಯೋ, ನಿಮ್ ಕಡೆ ಗೂಡಾ? ಎಳೆ ನಿಲ್ಲೋದೇ ಇಲ್ಲ ಅಕ್ಕಾ, ಪಟಪಟ ಅಂತ ಹರೀತದೆ,” ಎಂದರು.

“ಗೂಡು ನಮ್ದು ಕಣಮ್ಮಿ. ನೀರು ಬೆಂಗ್ಳೂರೋರ್ದು. ಹೋಗಿ ಅವ್ರುನ್ ಕೇಳು.”

ಚಿಕ್ಕತಾಯಮ್ಮ ಜುಬೇದಾರನ್ನು, ಹಳ್ಳಿಯಲ್ಲಿ ಮುಸ್ಲಿಂ ಹೆಂಗಸರನ್ನೆಲ್ಲ ಕರೆಯುವಂತೆ, ಬೂಬಮ್ಮ ಎಂದೇ ಕರೆಯತೊಡಗಿದರು. ನನಗೆ ಸಹಿಸಲಾಗಲಿಲ್ಲ, ಒಬ್ಬ ವ್ಯಕ್ತಿಯ ಹೆಸರನ್ನು ಅಳಿಸುವುದು ಹೇಗೆ ಒಂದು ಹಿಂಸೆ ಎಂಬುದನ್ನು ಇಬ್ಬರಿಗೂ ವಿವರಿಸಿದೆ. ಇಬ್ಬರೂ ಸಾವಧಾನವಾಗಿ ಕೇಳಿದರು. ಕಡೆಗೆ ಜುಬೇದಾ, “ಬಿಡಿ ಮೇಡಂ. ನಾನು ಅವ್ರಿಗೆ ಗೌಡ್ತಮ್ಮ ಅಂತೀನಿ. ಸಮ ಆಯ್ತು,” ಎಂದರು. ನನ್ನ ಮಾತು ತಪ್ಪಲ್ಲ ಎಂದು ಇಂದಿಗೂ ಹೇಳುತ್ತೇನೆ. ಆದರೆ ಆ ದಿನ ಅದು ಯಾರಿಗೂ ಬೇಕಾಗಿರಲಿಲ್ಲ.

ಕಲ್ಲಿನ ಎರಡು ಬದಿಗೆ ಎದುರುಬದುರು ಕೂತರು. ಒಂದೇ ಗೂಟಕ್ಕೆ ಇಬ್ಬರ ಕೈ. ರಾಜಣ್ಣ ಗಾಜಿನ ಆಚೆಯಿಂದ, ಮೊದಲು ಬರೀ ಕಲ್ಲು ತಿರುಗಿಸಿ, ಸೌಂಡ್ ಚೆಕ್ ಮಾಡಬೇಕು ಎಂದ. ಇಬ್ಬರ ಕೈಯೂ ಒಟ್ಟಿಗೇ ಗೂಟ ಬಿಟ್ಟವು. ಬರಿಗಲ್ಲು ತಿರುಗಿಸುವುದುಂಟೇ ಎಂದು ಒಬ್ಬರು ಕನ್ನಡದಲ್ಲಿ, ಇನ್ನೊಬ್ಬರು ಉರ್ದುವಿನಲ್ಲಿ. ಅಷ್ಟು ಹೊತ್ತು ಜಗಳವಾಡಿದವರು ಪರಸ್ಪರ ಮುಖ ನೋಡಿಕೊಂಡರು. ಓ, ನಿಮ್ಮಲ್ಲೂ ಹಾಗೆಯೇನು, ಎಂಬಂತೆ. ಅಲ್ಲಿಂದ ಮುಂದೆ ಅವರಿಬ್ಬರೂ ಒಂದು ಪಕ್ಷ, ನಾನೂ ರಾಜಣ್ಣನೂ ಇನ್ನೊಂದು.

ಹೀಗಾಗಿ ನಮ್ಮ ಕ್ಯಾಸೆಟ್ಟಿಗೆ ಗಡಿಯಾರವಿರಲಿಲ್ಲ, ರಾಗಿಯಿತ್ತು. ಕಾಳು ಇರುವವರೆಗೆ ಹಾಡು; ಕಾಳು ತೀರಿದರೆ ನಿಲ್ಲಿಸಬೇಕು. ಇನ್ನೊಮ್ಮೆ ಹಾಡಿ ಎಂದರೆ ಇನ್ನೊಂದು ಸೇರು ರಾಗಿ. ಚಿಕ್ಕತಾಯಮ್ಮನ ಪದಗಳು ಸಲೀಸಾಗಿ ಮುಗಿದವು. ಕಷ್ಟವಿದ್ದದ್ದು ಜುಬೇದಾರ ಆ ಒಂದು ಹಾಡಿನಲ್ಲಿ. ನೀಚೆ ಕಾ ಪಾಟ್ ಮಾಂ ಹೈ, ಊಪರ್ ಕಾ ಪಾಟ್ ಬೇಟಿ, ಎಂದು ಅದರ ಮೊದಲು. ಪಾಟ್ ಎಂದರೆ ಬೀಸುವ ಕಲ್ಲಿನ ಒಂದು ಹೋಳು. ಕೆಳಗಿನ ಹೋಳು ತಾಯಿ, ಕದಲುವುದಿಲ್ಲ. ಮೇಲಿನದು ಮಗಳು, ಯಾರದೋ ಕೈಯಲ್ಲಿ ಸುತ್ತುತ್ತಾಳೆ. ನಡುವೆ ಕಾಳು, ಅದೇ ಸಂಸಾರ. ಎಲ್ಲ ಕಾಳೂ ತೀರಿದ ಮೇಲೆ ಮಾತ್ರ ಕಲ್ಲಿಗೆ ಕಲ್ಲು ಸೋಕುತ್ತದೆ, ತಾಯಿಗೆ ಮಗಳು ಸಿಗುತ್ತಾಳೆ. ಆ ಕೊನೆಯ ಸಾಲನ್ನು ಕೊನೆಯ ಕಾಳಿನ ಜೊತೆಗೇ ಹೇಳಬೇಕು.

ಮೊದಲ ಸಲ ಅರ್ಧಕ್ಕೆ ಉಸಿರು ಕಟ್ಟಿತು. ಎರಡನೆಯ ಸಲ ಇನ್ನೂ ಬೇಗ. ಸಾಲದ್ದಕ್ಕೆ ನನ್ನ ಗೂಟ, ಕಡೆಯುವ ಸಾಬರು ಹೇಳಿದಂತೆಯೇ, ಸುತ್ತಿಗೊಮ್ಮೆ ಕಿರ್ರೆನ್ನುತ್ತಿತ್ತು. ರಾಜಣ್ಣ ಕಿವಿಯ ಮೇಲಿನ ಹೆಡ್‌ಫೋನು ಕಿತ್ತಿಟ್ಟು, “ಮೇಡಂ, ಯಾರೋ ಬಾಗ್ಲು ತೆಗ್ದು ತೆಗ್ದು ಹಾಕ್ದಂಗೆ ಐತೆ ಕಣ್ರೀ,” ಎಂದ. ಎಣ್ಣೆ ಬಿಟ್ಟೆವು, ದನಿ ಸಣ್ಣದಾಯಿತೇ ಹೊರತು ನಿಲ್ಲಲಿಲ್ಲ. ಜುಬೇದಾ ಗೋಡೆಗೊರಗಿ ಕಣ್ಣು ಮುಚ್ಚಿ ಕೂತಿದ್ದರು. ಆಗೋದಿಲ್ಲ ಬಿಡಿ ಮೇಡಂ ಎಂದು ಮೆಲ್ಲಗೆ ಅಂದರು. ಜೊತೆಗೆ ಬಂದಿದ್ದ ನಸೀಮಾ ಅಮ್ಮನ ಬೆನ್ನು ನೀವುತ್ತಿದ್ದಳು. ಈಗ ಟೀವಿಯ ಮಾತು ಆಡಲಿಲ್ಲ.

ಹಾಡು ಕೆಟ್ಟಾಗಲೂ ಹಿಟ್ಟು ಕೆಡಲಿಲ್ಲ. ರಾಜಣ್ಣನ ಮನೆ ಹಿಂದೆಯೇ ಇತ್ತು. ಅವನ ಹೆಂಡತಿ ಆ ಹಿಟ್ಟಿನಲ್ಲೇ ಮುದ್ದೆ ತೊಳಸಿ, ಬಸ್ಸಾರು ಮಾಡಿ ಎಲ್ಲರಿಗೂ ಬಡಿಸಿದರು. ಉಣ್ಣುವಾಗ ಚಿಕ್ಕತಾಯಮ್ಮ, ನಿನ್ ಪದ್ದಾಗೆ ಏನೈತೆ ಹೇಳು ಬೂಬಮ್ಮ ಎಂದು ಕೇಳಿದರು. ಬಾಯಲ್ಲಿ ತುತ್ತಿಟ್ಟುಕೊಂಡೇ ಜುಬೇದಾ, ಕೆಳಗಿನ ಪಾಟು ತಾಯಿ, ಮೇಲಿನ ಪಾಟು ಮಗಳು ಎಂದು ಶುರುಮಾಡಿ ಕೊನೆಯವರೆಗೂ ಹೇಳಿದರು. ಚಿಕ್ಕತಾಯಮ್ಮ ಮುದ್ದೆ ಮುರಿಯುವುದನ್ನು ನಿಲ್ಲಿಸಿ, “ಹ್ಞೂ. ತಾಯಿ ಪಾಡು ಕೆಳ್ಗೆ, ಮಗಳ ಪಾಡು ಮ್ಯಾಲೆ. ಸರ್ಯಾಗ್ ಕಟ್ಟವ್ರೆ,” ಎಂದರು. ಆ ಹೊತ್ತಿನಲ್ಲಿ ನನ್ನ ಕಿವಿಗೂ ಅದು ತಪ್ಪಾಗಿ ಕೇಳಲಿಲ್ಲ.

ಉಂಡ ಮೇಲೆ, ಇನ್ನೊಂದೇ ಸೇರು ರಾಗಿ ಉಳಿದಿತ್ತು. ಜುಬೇದಾ ತಾವಾಗಿಯೇ ಕಲ್ಲಿನ ಮುಂದೆ ಬಂದು ಕೂತರು. ಚಿಕ್ಕತಾಯಮ್ಮ ಎದುರಿಗೆ ಕೂತ ಮೇಲೆ ಹಾಡು ಎತ್ತಿಕೊಂಡರು. ಮೂರು ಸುತ್ತು, ನಾಲ್ಕು ಸುತ್ತು. ಮೊದಲ ಸಲ ಎಲ್ಲಿ ನಿಂತಿದ್ದರೋ ಅಲ್ಲೇ ಉಸಿರು ನಿಂತಿತು. ಬಾಯಿ ತೆರೆದಿತ್ತು, ದನಿಯಿರಲಿಲ್ಲ. ಕೈ ಮಾತ್ರ ಗೂಟ ಬಿಟ್ಟಿರಲಿಲ್ಲ. ಕಲ್ಲು ತಿರುಗಿತು, ಗೂಟ ಕಿರ್ರೆಂದಿತು. ಆ ಕಿರ್ರನ್ನೇ ಶ್ರುತಿ ಹಿಡಿದಂತೆ ಚಿಕ್ಕತಾಯಮ್ಮ ಎತ್ತಿದರು:

ತಾಯಿದೊಂದು ಪಾಡು, ಮಗಳಿದೊಂದು ಪಾಡು
ಕಾಳಿರೋಗಂಟ ಕೂಡಾಕಿಲ್ಲ, ನನ ತಂಗಿ
ಬೀಸವ್ವ ಒಸಿ ಹಗುರಾಗಿ

ಪಾಟು ಅವರಿಗೆ ಪಾಡಾಗಿತ್ತು. ಕಲ್ಲಿನ ಹೋಳು ಬಾಳಿನ ಸಂಕಟವಾಗಿತ್ತು. ಅದು ತಪ್ಪೆಂದು ಹೇಳಲು ನನಗೆ ಗಾಜಿನ ಆಚೆಯಿಂದ ಕೈ ಎತ್ತುವಷ್ಟು ಹೊತ್ತೂ ಸಿಗಲಿಲ್ಲ. ಅವರು ಹಾಡಿದಷ್ಟು ಹೊತ್ತು ಜುಬೇದಾ ಉಸಿರು ಸೇರಿಸಿಕೊಂಡರು, ಮುಂದಿನ ಸಾಲು ತಾವು ಹಿಡಿದರು. ಮತ್ತೆ ಉಸಿರು ಹೋಯಿತು, ಕಿರ್ರ್, ಮತ್ತೆ ಚಿಕ್ಕತಾಯಮ್ಮ. ಹೀಗೆ ಕನ್ನಡವೂ ದಖನಿಯೂ ಒಂದೇ ಗೂಟ ಹಿಡಿದು, ಸರದಿಯ ಮೇಲೆ ಭಾರ ಹೊತ್ತುಕೊಂಡು ನಡೆದವು. ಕೊನೆಯ ಹಿಡಿ ರಾಗಿಯನ್ನು ಕಲ್ಲಿನ ಬಾಯಿಗೆ ಹಾಕಿದ್ದು ನಸೀಮಾ, ಯಾರೂ ಹೇಳಿರಲಿಲ್ಲ. ಕಾಳು ತೆಳ್ಳಗಾಗುತ್ತ ಬಂದು ಕಲ್ಲಿನ ದನಿ ಬದಲಾದಾಗ, ಜುಬೇದಾ ಕೊನೆಯ ಸಾಲನ್ನು ಒಬ್ಬರೇ ಹೇಳಿದರು, ಹಾಡೆನ್ನುವುದಕ್ಕಿಂತ ಮಾತಿನಂತೆ. ಕಲ್ಲಿಗೆ ಕಲ್ಲು ಸೋಕಿತು. ಇಬ್ಬರೂ ಕೈ ತೆಗೆದರು.

ಟೇಪು ನಿಲ್ಲಿಸಿದ ರಾಜಣ್ಣ, ಕಿರ್ ಅನ್ನುವುದನ್ನು ತೆಗೆಯಲೇ ಎಂದು ಕೇಳಿದ. ತೆಗೆ ಎಂದೆ. ಕತ್ತರಿಸಿ ನೋಡಿದ, ಪ್ರತಿ ಕಿರ್ರಿನ ಜೊತೆಗೆ ಒಬ್ಬರ ದನಿಯ ತುದಿಯೂ ಇನ್ನೊಬ್ಬರ ದನಿಯ ಮೊದಲೂ ಹೋಗುತ್ತಿತ್ತು. ಹಾಗೆಯೇ ಬಿಟ್ಟೆವು. ಕ್ಯಾಸೆಟ್ಟಿನ ಒಂದು ಬದಿ ಕನ್ನಡ, ಒಂದು ಬದಿ ಉರ್ದು ಎಂದು ನಾನು ಮಾಡಿಟ್ಟುಕೊಂಡಿದ್ದ ಯೋಜನೆಯೂ ಅಲ್ಲಿಗೆ ಮುಗಿಯಿತು.

ಹೊರಡುವಾಗ ಚಿಕ್ಕತಾಯಮ್ಮ ಗೂಟವನ್ನು ಕಿತ್ತು ನನ್ನ ಕೈಗಿಟ್ಟರು. “ತಗೊ ಕಣ್ ಮಗ, ನಿನ್ ಕಿರುಚೋ ಗೂಟ. ನಮ್ಮನ್ಯಾಗೆ ಇದು ಕಿರುಚ್ತಿದ್ರೆ ಸೊಸೆ ಕಲ್ಲೇ ಆಚ್ಗೆ ಎಸೀತಾಳೆ.”

ಕ್ಯಾಸೆಟ್ಟು ಬಂತು. ಅದರ ಜೊತೆಗೆ ನಾನು ಬರೆದ ಎಂಟು ಪುಟದ ಹೊತ್ತಗೆಯೂ ಬಂತು. ಎಲ್ಲ ಅನ್ಯಾಯಗಳೂ ಕ್ರಮವಾಗಿ, ಒಂದನ್ನೂ ಬಿಡದೆ. ಸಭೆಗಳಲ್ಲಿ ಹಾಡು ಹಾಕಿದಾಗ ಜನ ಕೂತರು, ಹೊತ್ತಗೆಯ ಮೇಲೆ ಕೂತರು. ಕೆರೆಯ ನೊರೆ ಹೋಗಲಿಲ್ಲ. ಆ ಮಾತನ್ನು ಮರೆಸಿ ಈ ಬರಹವನ್ನು ಸಿಹಿ ಮಾಡಲಾರೆ.

ಎಷ್ಟೋ ವರ್ಷದ ಮೇಲೆ ಒಂದು ಮಧ್ಯಾಹ್ನ ರಾಮನಗರದಲ್ಲಿ ಜುಬೇದಾರ ಮನೆಗೆ ಹೋಗಿದ್ದೆ. ಅವರು ಬಾಗಿಲ ಬಳಿ ಕುರ್ಚಿಯಲ್ಲಿ ಕೂತಿದ್ದರು. ನಾಲ್ಕು ಮಾತಿಗೊಮ್ಮೆ ನಿಲ್ಲಬೇಕಾಗಿತ್ತು. ಹೊರಗೆ ಮೋಟಾರು ಗದ್ದಲ. ಒಳಗೆ ತವರಿಗೆ ಬಂದಿದ್ದ ನಸೀಮಾ ಮಗಳನ್ನು ಸೀರೆಯ ಜೋಲಿಯಲ್ಲಿ ತೂಗುತ್ತ ಹಾಡುತ್ತಿದ್ದಳು. ನೀಚೆ ಕಾ ಪಾಟ್. ಜುಬೇದಾರ ಬಲಗೈ ಮೊಣಕಾಲ ಮೇಲೆ, ಕಾಣದ ಗೂಟವೊಂದನ್ನು ಹಿಡಿದು ಮೆಲ್ಲಗೆ ಸುತ್ತುತ್ತಿತ್ತು.

ಅರ್ಧಕ್ಕೆ ಬಂದು ನಸೀಮಾ ನಿಂತಳು. ಉಸಿರು ಸಾಲದೆ ಅಲ್ಲ. ನಿಲ್ಲುವುದು ಹಾಡಿನ ಭಾಗವೆಂಬಂತೆ. ನಾಲಿಗೆಯನ್ನು ಅಂಗುಳಿಗೆ ಹಚ್ಚಿ, ಕಿರ್ರ್ ಎಂದಳು. ಆಮೇಲೆ ಅಚ್ಚ ಬೈರಮಂಗಲದ ದನಿಯಲ್ಲಿ, ತಾಯಿದೊಂದು ಪಾಡು, ಮಗಳಿದೊಂದು ಪಾಡು.

ನಾನು ಬಾಯಿ ತೆರೆದೆ. ಅದು ಪಾಡಲ್ಲ, ಪಾಟು. ಆ ಕಿರ್ರು ಹಾಡಿನದಲ್ಲ, ತುದಿಯವರೆಗೂ ಅರಗು ಬಳಿಸಿದ ನನ್ನ ತಪ್ಪು. ಹೇಳಬೇಕಾದದ್ದು ಇಷ್ಟು ಸಣ್ಣದು. ಜುಬೇದಾ ಎಡಗೈ ಎತ್ತಿ ನನ್ನನ್ನು ತಡೆದರು. ಬಲಗೈ ಸುತ್ತುತ್ತಲೇ ಇತ್ತು.

“ಸುಮ್ನಿರಿ ಮೇಡಂ,” ಎಂದರು. “ಪೂರ್ತಿ ಆಗ್ಲಿ.”